ಸೋದರಮಾವನ ಜಾಗ

ಇಳಕಲ್
12 ಜನವರಿ 2025

ಶೀಲಕ್ಕಾ,

ಕ್ಷೇಮ ಅಂತ ಮೊದಲು ಬರೆಯಬೇಕು, ಗೊತ್ತು. ಆದರೆ ಕ್ಷೇಮವಾಗಿದ್ದೇನೋ ಇಲ್ಲವೋ ನನಗೇ ತಿಳಿಯದಾಗಿದೆ. ಮಗಳು ದಾನೇಶ್ವರಿಯ ಲಗ್ನ ನಿಶ್ಚಯವಾಯಿತು.

ನೋಡು, ಬರೆದುಬಿಟ್ಟೆ. ಈ ಒಂದು ಮಾತಿಗೆ ಮೂರು ದಿನದಿಂದ ಕೂತು ಕೂತು ಎದ್ದಿದ್ದೇನೆ. ಫೋನಿನಲ್ಲಿ ಹೇಳಬಾರದಾ ಅಂತ ಬೈಯಬೇಡ. ಮನೆಯಲ್ಲಿ ಫೋನು ಇರುವುದು ಒಂದೇ, ಅದು ಮಗಳ ಕೈಯಲ್ಲಿ. ಹಿಂದೆ ಒಮ್ಮೆ ನಿನ್ನ ದನಿ ಹೊರಗೆ ಕೇಳಿ ಓಣಿಯ ಹೆಂಗಸರು, "ಯಾರಬೇ ಅದು, ಗಂಡಸೋ ಹೆಂಗಸೋ?" ಅಂದಿದ್ದು ಇನ್ನೂ ನನ್ನ ಎದೆಯಲ್ಲಿ ಕುಟ್ಟುತ್ತದೆ. ಕಾಗದಕ್ಕೆ ದನಿ ಇಲ್ಲ. ಶೀಲಾ ಅನ್ನುವ ಹೆಸರು ನೋಡಿ ಅಂಚೆಯವನೂ ಸುಮ್ಮನೆ ಕೊಟ್ಟು ಹೋಗುತ್ತಾನೆ.

ಹುಡುಗ ವಿಜಯಮಹಾಂತೇಶ, ಹುನಗುಂದದವನು. ನಮ್ಮ ಹಾಗೇ ನೇಕಾರ ಮಂದಿ, ಕರೆಂಟಿನ ಮಗ್ಗ ನಾಲ್ಕು ಇವೆ. ತಂದೆ ಹೋದ ವರ್ಷ ತೀರಿದ್ದಾರೆ. ತಾಯಿ ಭುವನೇಶ್ವರಿ ಎಡಗಾಲು ಎಳೆದು ನಡೆಯುತ್ತಾರೆ, ಮಾತು ಕಮ್ಮಿ. ಮೊದಲು ನೂಲಿಗೆ ಬಣ್ಣ ಹಾಕುತ್ತಿದ್ದರಂತೆ, ಊರಲ್ಲಿ ಇನ್ನೂ 'ಬಣ್ಣದ ಮನೆ' ಅಂತಲೇ ಕರೆಯುತ್ತಾರೆ. ಲಗ್ನ ಮೇ ಹದಿನೈದಕ್ಕೆ.

ಹೆಣ್ಣು ನೋಡಲು ಬಂದ ದಿನ ಒಂದು ತಪ್ಪು ಮಾಡಿದೆ. ನನ್ನ ಲೋಟವನ್ನು ಒಳಗಿಡಲು ಮರೆತೆ. ಮೊಳೆಯಿಂದ ಎರಡು ಗೀರು ಎಳೆದು ಗುರುತು ಮಾಡಿದ ಲೋಟ, ನಿನಗೆ ಗೊತ್ತಲ್ಲ. ಹತ್ತೊಂಬತ್ತು ವರ್ಷದಿಂದ ಮಂದಿಗೆ 'ಹರಕೆಯ ಲೋಟ, ಬೇರೆ ಯಾರೂ ಮುಟ್ಟಬಾರದು' ಅಂತ ಹೇಳುತ್ತ ಬಂದಿದ್ದೇನೆ. ಎಂಜಲಿನಿಂದ ಎಚ್ಚೈವಿ ಹತ್ತುವುದಿಲ್ಲ, ಎಸೆ ಅದನ್ನು ಅಂತ ನೀನು ನೂರು ಸಲ ಹೇಳಿದ್ದೀ. ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಬೀಗತಿ ಆ ಲೋಟವನ್ನು ನೋಡಿದರು. ಬಹಳ ಹೊತ್ತು ನೋಡಿದರೇನೋ ಅನಿಸುತ್ತದೆ.

ಇನ್ನೊಂದು ಮಾತು. ಗಂಡ ತೀರಿ, ಈ ರೋಗ ನನಗೂ ಇದೆ ಅಂತ ತಿಳಿದು, ಸ್ವಂತ ಅಣ್ಣ ಅಮಾತೆಪ್ಪ ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದ ಕಾಲ ಅದು. ಎರಡು ವರ್ಷದ ದಾನಿಯ ರಕ್ತದಲ್ಲಿ ಏನೂ ಇಲ್ಲ ಅಂತ ಚೀಟಿ ಬಂದ ದಿನ, ದವಾಖಾನೆಯ ಮೆಟ್ಟಿಲ ಮೇಲೆ ನಿನ್ನ ಕೈ ಹಿಡಿದು, ಇವಳ ಲಗ್ನದಲ್ಲಿ ಸೋದರಮಾವನ ಜಾಗದಲ್ಲಿ ನೀನೇ ನಿಲ್ಲಬೇಕು ಅಂದಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ. ಇಲ್ಲದಿದ್ದರೂ ನಡೆಯುತ್ತದೆ. ಸುಮ್ಮನೆ ಬರೆದೆ.

ನಿನ್ನ
ಮಹಾನಂದಾ


ವಿದ್ಯಾಗಿರಿ, ಬಾಗಲಕೋಟೆ
20 ಜನವರಿ 2025

ತಂಗಿ ಮಹಾನಂದಾ,

ನೆನಪಿದೆಯೋ ಇಲ್ಲವೋ ಅಂತ ಕೇಳುತ್ತೀಯಲ್ಲ, ನಿನ್ನ ಬಾಯಿಗೆ ಸಕ್ಕರೆ ಹಾಕಲೋ ಖಾರಪುಡಿ ಹಾಕಲೋ! ನಾನು ಅವತ್ತೇ ಕೇಳಿದ್ದೆ: "ಮಾವ ಅಂತ ನಿಂದರ್ಲೋ, ಅತ್ತಿ ಅಂತ ನಿಂದರ್ಲೋ?" ನೀನು ಮೂಗು ಒರೆಸಿಕೊಳ್ಳುತ್ತ, "ಎರಡೂ ಆಗಿ ನಿಂದರು, ನನಗ ಎರಡೂ ಇಲ್ಲ" ಅಂದಿದ್ದಿ. ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ಎದ್ದು ಆಚೆ ಕೂತಳು. ಅದೂ ನೆನಪಿದೆ.

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಕುಣಿದೆ. ಕೂಸು ಎತ್ತಿಕೊಂಡು ಗುಳಿಗೆಯ ಸರದಿಯಲ್ಲಿ ನಿಲ್ಲುತ್ತಿದ್ದಿ. ನಿನಗೆ ಚಕ್ಕರ್ ಬಂದಾಗ ಕೂಸು ನನ್ನ ಸೊಂಟದ ಮೇಲೆ. ನನ್ನ ಹಣೆಯ ಕುಂಕುಮ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅದಕ್ಕೆ ಲಗ್ನವಂತೆ!

ಇಲ್ಲಿ ನನ್ನ ಸುದ್ದಿ ಏನಿದೆ. ಏಡ್ಸ್ ಯೋಜನೆ ಮುಗಿಯಿತು ಅಂತ ನಮ್ಮ ಸಂಘದ ಕೋಣೆಗೆ ಬೀಗ ಬಿತ್ತು, ದವಾಖಾನೆಯಲ್ಲಿ ಸಮಾಧಾನ ಹೇಳಲು ನನಗಿದ್ದ ಕುರ್ಚಿಯೂ ಹೋಯಿತು. ಆದರೂ ಡಿಸೆಂಬರ್ ಒಂದಕ್ಕೆ ಏಡ್ಸ್ ದಿನ ಅಂತ ಕರೆದು ಶಾಲು ಹೊದಿಸಿದರು. ಮನೆಯಲ್ಲಿ ಈಗ ಹದಿನಾಲ್ಕು ಶಾಲು ಇವೆ. ಶಾಲು ಹೊದಿಸಿದ ಯಾರ ಮನೆಯಿಂದಲೂ ಒಂದು ಲಗ್ನದ ಕರೆ ಬಂದಿಲ್ಲ. ನಿನ್ನದೇ ಮೊದಲನೆಯದು.

ಎರಡನೇ ಸಲ ಓದಿದಾಗ ಸ್ವಲ್ಪ ನಿಂತೆ. ಹುನಗುಂದದ ಬಣ್ಣದ ಮನೆ ಅಂತ ಬರೆದಿದ್ದೀ. ನೀನು ಅವರ ಮನೆಗೆ ಹೋದಾಗ ಪಡಸಾಲೆಯ ಗೋಡೆಯ ಮೇಲೆ ಯಾರ್ಯಾರ ಫೋಟೋ ಇದ್ದವು, ಹೇಳುತ್ತೀಯಾ? ಏನೂ ಇಲ್ಲ, ಸುಮ್ಮನೆ ಕೇಳಿದೆ.

ನಿನ್ನ
ಶೀಲಾ


ಇಳಕಲ್
9 ಫೆಬ್ರವರಿ 2025

ಶೀಲಕ್ಕಾ,

ಏನು ಮಾಡಿದೆ ನೀನು? ಯಾರ ಮುಂದೆ ಬಾಯಿ ಬಿಟ್ಟೆ? ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹುನಗುಂದದವರು ಸಿಕ್ಕಿದ್ದರಾ?

ನಿನ್ನೆ ಬೀಗತಿ ಸೀರೆ ನೋಡುವುದಕ್ಕೆ ಅಂತ ಇಬ್ಬರು ಹೆಂಗಸರ ಜೊತೆ ಬಂದಿದ್ದರು. ಅವರು ಮಗ್ಗದ ಹತ್ತಿರ ದಾನಿಯ ಜೊತೆ ಮಾತಾಡುತ್ತಿದ್ದಾಗ ಬೀಗತಿಯೊಬ್ಬರೇ ಅಡಿಗೆಮನೆಗೆ ಬಂದರು. ನಾನು ಹಾಲು ಕಾಸುತ್ತಿದ್ದೆ. ದನಿ ತಗ್ಗಿಸಿ ಕೇಳಿದರು.

"ಮೂರು ತಿಂಗಳಿಗೊಮ್ಮೆ ಬಾಗಲಕೋಟಿಗೆ ಹೊಕ್ಕೀರಂತಲ್ರಿ?"

"ಶುಗರ್ ಗುಳಿಗಿಗೆರಿ."

"ಅಲ್ಲಿ ದವಾಖಾನ್ಯಾಗ ಶೀಲಾ ಅಂತ ಒಬ್ಬಾಕಿ ಇದ್ಲಂತ. ಬದಾಮಿ ಕಡಿಯಾಕಿ. ಗಂಡಸಾಗಿ ಹುಟ್ಟಿ ಸೀರಿ ಉಡಾಕಿ. ನಿಮಗೇನರ ಗೊತ್ತೇನ್ರಿ?"

ಶೀಲಕ್ಕಾ, ನಾನು ಏನು ಅಂದೆ ಅಂತ ಬರೆಯದೆ ಇರಬಹುದಿತ್ತು. ಆದರೆ ನಿನಗೆ ಸುಳ್ಳು ಬರೆದು ರೂಢಿ ಇಲ್ಲ. "ಅಂಥಾ ಮಂದಿ ಗುರುತು ನಮಗ್ಯಾಕರಿ, ಯಕ್ಕಾ" ಅಂದೆ. ಹಾಲು ಉಕ್ಕಿ ಒಲೆ ಆರಿತು. ಅವರು ಹೊರಗೆ ಹೋದರು. ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯಲಿಲ್ಲ.

ನೀನು ಅವರ ಮನೆಯ ಗೋಡೆ, ಫೋಟೋ ಅಂತ ಕೇಳಿದಾಗಲೇ ನನಗೆ ಸಂಶಯ ಬಂದಿತ್ತು. ಅದೆಲ್ಲ ಯಾಕೆ ಬೇಕಿತ್ತು ನಿನಗೆ? ನೀನು ಯಾರ ಹತ್ತಿರವೋ ವಿಚಾರಿಸಿದ್ದೀ, ಅದು ತಿರುಗಿ ಅವರ ಕಿವಿಗೆ ಬಿದ್ದಿದೆ. ಈಗ ನಿನ್ನ ಹೆಸರು ಹಿಡಿದು ನನ್ನ ಹೆಸರಿಗೆ ಬರುತ್ತಾರೆ. ನೀನು ಹೋದ ಮನೆಯಲ್ಲೆಲ್ಲ ಆ ರೋಗ ಇದೆ ಅಂತಲೇ ಮಂದಿ ತಿಳಿಯುವುದಲ್ಲವಾ?

ಕಾಲು ಹಿಡಿಯುತ್ತೇನೆ, ಲಗ್ನಕ್ಕೆ ಬರಬೇಡ. ಅಮಾತೆಪ್ಪಣ್ಣ ತಾನಾಗಿ ಬಂದು, "ಹುಡುಗಿಗೆ ಒಳ್ಳೆ ಮನಿ ಸಿಕ್ಕೈತಿ, ನಾ ನಿಂದರತೇನಿ" ಅಂದಿದ್ದಾನೆ. ಅವನ ಹೆಸರನ್ನೇ ಅಚ್ಚಿಗೆ ಕೊಟ್ಟಿದ್ದೇನೆ.

ಪಾರ್ಸಲ್ಲಿನಲ್ಲಿ ಒಂದು ಸೀರೆ ಇದೆ. ದಾಳಿಂಬೆ ಕೆಂಪಿನ ಸೆರಗು. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದೇ ಕೊಂಡಿ ಹಾಕಿ ನಾನೇ ಕೂಡಿಸಿದ್ದು. ನಿನಗೆ ಲಗ್ನದ ಆಹೇರಿ, ಉಡುಗೊರೆ ಅಂತ ತಿಳಿ. ಮಂಟಪದಲ್ಲಿ ಎದುರು ಕೂರಿಸಿ, ಕುಂಕುಮ ಹಚ್ಚಿ, ಉಡಿಯಲ್ಲಿ ಹಾಕಬೇಕಾದದ್ದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡ.

ಮಹಾನಂದಾ


ವಿದ್ಯಾಗಿರಿ, ಬಾಗಲಕೋಟೆ
24 ಫೆಬ್ರವರಿ 2025

ಮಹಾನಂದಾ,

ಸೀರೆ ಬಂದು ಮುಟ್ಟಿತು. ಗಂಟು ಬಿಚ್ಚಿಲ್ಲ.

ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ದವಾಖಾನೆಯ ಆ ಕುರ್ಚಿಯಲ್ಲಿ ಕೂತು ನಾನು ಎಷ್ಟು ಹೆಂಗಸರ ಹೆಸರು ನುಂಗಿದ್ದೇನೆ, ನಿನಗೆ ಎಣಿಕೆ ಇದೆಯಾ? ಜಮಖಂಡಿ, ಮುಧೋಳ, ಶಿರೂರು, ಊರೂರಿನವರು. ಸಂತೆಯಲ್ಲಿ ಎದುರು ಬಂದರೆ ಅವರು ಮುಖ ತಿರುಗಿಸುವ ಮೊದಲೇ ನಾನು ತಿರುಗಿಸುತ್ತೇನೆ, ಅವರಿಗೆ ತ್ರಾಸ ಆಗಬಾರದು ಅಂತ. ನಿನಗೂ ಹಾಗೆ ಮಾಡಬೇಕಿತ್ತು. ಮರೆತೆ.

ಎರಡು ಸಾವಿರದ ಮೂರರಲ್ಲಿ ಬದಾಮಿಯಲ್ಲಿ ಒಂದು ಸಭೆ ಮಾಡಿದರು. ಏಡ್ಸ್ ತಡೆಯುವ ಯೋಜನೆಯವರು. ನಮ್ಮಂಥವರು ಹನ್ನೊಂದು ಮಂದಿ ಹೋಗಿದ್ದೆವು. ಹಗಲು ಬೆಳಕಿನಲ್ಲಿ ನನ್ನಂಥವರು ಹನ್ನೊಂದು ಮಂದಿ ಒಂದೇ ಕಡೆ ಕೂತದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಅದಕ್ಕೂ ಮೊದಲು ನಮ್ಮನ್ನು ಒಟ್ಟಿಗೆ ಕೂರಿಸಿದ್ದವರು ಪೊಲೀಸರು ಮಾತ್ರ. ಬಂದವರು ಚಹಾ ಕೊಟ್ಟು, "ನಿಮ್ಮಂಥವರು ಜಿಲ್ಲೆಯಲ್ಲಿ ಎಷ್ಟಿದ್ದೀರಿ?" ಅಂತ ಕೇಳಿದರು. ಒಬ್ಬಳು ಗಟ್ಟಿಯಾಗಿ ಅತ್ತುಬಿಟ್ಟಳು. ಎಷ್ಟಿದ್ದೀರಿ ಅಂತ ಅದುವರೆಗೆ ಯಾರೂ ಕೇಳಿರಲಿಲ್ಲ.

ಆ ಹನ್ನೊಂದರಲ್ಲಿ ಈಗ ಉಳಿದವರು ಮೂವರು. ರೋಗವೇ ಗೆಳೆಯರನ್ನು ತಿಂದಿತು, ರೋಗವೇ ನಮಗೆ ಸಂಘ, ಗುರುತಿನ ಚೀಟಿ, ಕುರ್ಚಿ ಕೊಟ್ಟಿತು. ಎಂಥಾ ಮಾತು ಇದು, ಯೋಚಿಸಿದರೆ ಇವತ್ತೂ ಮೈ ಜುಂ ಅನ್ನುತ್ತದೆ. ಸತ್ತವರು ಸಾಯದಿದ್ದರೆ ನನ್ನನ್ನು ಯಾರೂ 'ಬರ್ರಿ, ಕೂಡ್ರಿ' ಅನ್ನುತ್ತಿರಲಿಲ್ಲ. ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ಅವರಿಗೆ ಕೋರ್ಟಿನ ತೀರ್ಪು ಬಂದಿದೆ, ಮೆರವಣಿಗೆಯಲ್ಲಿ ಮುಖ ತೋರಿಸಿ ನಡೆಯುತ್ತಾರೆ. ನಡೆಯಲಿ. ಆದರೆ ದವಾಖಾನೆಯ ಬಾಗಿಲವರೆಗೆ ಮಾತ್ರ ನಾವು ಮನುಷ್ಯರು, ಮಂಟಪದ ಬಾಗಿಲಿಗೆ ಬಂದರೆ 'ಅಂಥಾ ಮಂದಿ' ಅಂತ, ನಿನ್ನ ಕೈಬರಹದಲ್ಲಿ ಓದುತ್ತೇನೆ ಅಂದುಕೊಂಡಿರಲಿಲ್ಲ.

ಬರುವುದಿಲ್ಲ. ಅಂಜಬೇಡ. ಗುಳಿಗೆ ತಪ್ಪಿಸಬೇಡ.

ಶೀಲಾ


ಇಳಕಲ್
2 ಏಪ್ರಿಲ್ 2025

ಶೀಲಕ್ಕಾ,

ನೀನು ಇದನ್ನು ಓದದೆ ಹರಿದು ಹಾಕಬಹುದು. ಹರಿಯುವ ಮೊದಲು ಒಂದೇ ಒಂದು ಹೆಸರು ನೋಡು: ಶ್ರೀಶೈಲ. ನಿನಗೆ ಈ ಹೆಸರು ಗೊತ್ತಾ? ಗೊತ್ತಿದ್ದರೆ ಮುಂದೆ ಓದು.

ಎರಡು ತಿಂಗಳು ಹುನಗುಂದದಿಂದ ಒಂದು ಮಾತು ಬಂದಿರಲಿಲ್ಲ. ಲಗ್ನ ಮುರಿಯಿತು ಅಂತಲೇ ನಾನು ದಿನಾ ಬಾಗಿಲು ನೋಡುತ್ತಿದ್ದೆ. ಪತ್ರಿಕೆ ಅಚ್ಚಾಗಿ ಬಂದಿದ್ದರೂ ಕಟ್ಟು ಬಿಚ್ಚಿರಲಿಲ್ಲ. ನಿನ್ನೆ ಬೀಗತಿ ಒಬ್ಬರೇ ಬಂದರು. ಯುಗಾದಿಯ ಬೇವು-ಬೆಲ್ಲ ತಂದೆ ಅಂದರು. ದಾನಿ ನೂಲು ತರಲು ಹೋಗಿದ್ದಳು.

"ನೀರ ಕೊಡ್ರಿ" ಅಂದರು. ನಾನು ತಂಬಿಗೆ ತೊಳೆಯುವಷ್ಟರಲ್ಲಿ ಅವರೇ ಕಾಲು ಎಳೆಯುತ್ತ ಒಳಗೆ ಬಂದು, ಗೂಡಿನಲ್ಲಿದ್ದ ನನ್ನ ಲೋಟ ತೆಗೆದು ಕೊಡದಲ್ಲಿ ಅದ್ದಿದರು.

"ಯಕ್ಕಾ, ಬ್ಯಾಡ್ರಿ! ಅದು ಹರಕಿ ಲೋಟಾ!" ಅಂತ ಚೀರಿದೆ.

ಅವರು ಕುಡಿದರು. ತಳದವರೆಗೆ ಕುಡಿದರು. ಆಮೇಲೆ ಹೆಬ್ಬೆರಳಿನಿಂದ ಆ ಎರಡು ಗೀರುಗಳನ್ನು ಸವರಿದರು.

"ಯಾವ ದೇವರ ಹರಕಿರಿ ಇದು?"

ನಾನು ಲೋಟ ಕಿತ್ತುಕೊಳ್ಳಲು ಕೈ ಚಾಚಿದೆ, ಅವರು ಕೊಡಲಿಲ್ಲ.

"ನಾನೂ ಹರಕಿ ಅಂತನ ಹೇಳ್ತಿದ್ನಿ" ಅಂದರು. "ನನ್ನ ತಮ್ಮ ಶ್ರೀಶೈಲನ ಲೋಟಕ್ಕ ನಾನ ಮೊಳಿಲೆ ಗೀರಿದ್ನಿ. ಹಿಂಗ ಎರಡು ಗೀರು. ಅವ ನೋಡಿ ನಕ್ಕಾ. 'ಯಕ್ಕಾ, ನನ್ನ ಹೆಸರರ ಬರಿಬೇಕಿಲ್ಲೋ, ಬರೇ ಗೀರು ಯಾಕ' ಅಂದಾ."

ನಾನು ಕೂತೆ. ಅವರೂ ನನ್ನ ಎದುರಿಗೆ ನೆಲದ ಮೇಲೆ ಕೂತರು. ತಾಯಿ ಇಲ್ಲದ ತಮ್ಮನನ್ನು ಅವರೇ ತಂದು ಹುನಗುಂದದಲ್ಲಿ ಬೆಳೆಸಿದರಂತೆ. ಅವನದು ನೂಲಿಗೆ ಬಣ್ಣ ಹಾಕುವ ಕೆಲಸ, ಉಗುರು ಯಾವಾಗಲೂ ಕೆಂಪು. ಅವನಿಗೆ ಹೆಣ್ಣು ನೋಡಿದರೆ ಬೇಡ ಅನ್ನುತ್ತಿದ್ದನಂತೆ. ಬದಾಮಿಯಲ್ಲಿ ಶೀಲಾ ಅಂತ ಯಾರೋ ಇದ್ದಾರೆ ಅಂತ ಗುಸುಗುಸು. ಆಮೇಲೆ ರೋಗ ಬಂತು. ಬೀಗತಿಯ ಗಂಡ ಅವನನ್ನು ಬಾಗಲಕೋಟೆಯ ದವಾಖಾನೆಯಲ್ಲಿ ಬಿಟ್ಟು ಬಂದರಂತೆ.

"ಒಮ್ಮೆ ಮಾತ್ರ ಹೋಗಿದ್ನಿರಿ. ಬುತ್ತಿ ಕಟಗೊಂಡು, ಆ ಲೋಟಾ ತೊಗೊಂಡು. ಕಾಟಿನ ಕೆಳಗ ಒಬ್ಬಾಕಿ ಕುಂತು ಅವನ ಪಾದ ತಿಕ್ಕಾಕತ್ತಿದ್ಲು. ಬರೇ ಕೈಲೇ. ನನ್ನ ಕೈಯಾಗ ಬ್ಯಾರೆ ಲೋಟಾ. ನಾಚಿ ಬಾಗಲದಾಗ ಬುತ್ತಿ ಇಟ್ಟು ಓಡಿ ಬಂದ್ನಿ. ಸತ್ತಾ ಅಂತ ಸುದ್ದಿ ಬಂದಾಗ ನಮ್ಮವ್ರು ಯಾರನ್ನೂ ಹೋಗಗೊಡಲಿಲ್ಲ. ಕಾಮಾಲಿ ಆಗಿ ಸತ್ತಾ ಅಂತ ಊರಿಗೆ ಹೇಳಿದ್ರು. ಗ್ವಾಡಿ ಮ್ಯಾಲಿನ ಫೋಟೋ ತಗದು ಒಲ್ಯಾಗ ಹಾಕಿದ್ರು. ಅವನ್ನ ಎಲ್ಲಿ ಮಣ್ಣು ಮಾಡಿದ್ರೋ, ಯಾರು ಹೊತ್ತರೋ, ಇಪ್ಪತ್ತೊಂದು ವರ್ಷ ಆತು, ನನಗ ಗೊತ್ತಿಲ್ಲ."

ಹೆಣ್ಣು ನೋಡಲು ಬಂದ ದಿನವೇ ಲೋಟ ನೋಡಿ ಎಲ್ಲ ತಿಳಿದಿತ್ತಂತೆ. ಲಗ್ನ ಮುರಿಯುವುದಕ್ಕಲ್ಲ ಅವರು ನಿನ್ನ ಹೆಸರು ಕೇಳಿದ್ದು. ತಮ್ಮನ ಗುರುತು ಕೇಳುವುದಕ್ಕೆ.

"ನೀವು ಅರಿಯೆ ಅಂದ್ರಿ. ಇಕಿನೂ ನನ್ಹಂಗ ಆಗ್ಯಾಳಲ್ಲ ಅಂತ ಬಸ್ಸಿನ್ಯಾಗ ಅತಗೋತ ಹೋದ್ನಿ."

ದಾನಿಗೆ ಇಲ್ಲ ಅಂತ ನಾನು ತೊದಲುತ್ತ ಹೇಳಿದೆ. "ಇದ್ರೂ ಈಗ ಗುಳಿಗಿ ಐತೆಲ್ರಿ" ಅಂದರು. "ನನ್ನ ತಮ್ಮಗ ಅದು ಇರಲಿಲ್ಲ."

ಶೀಲಕ್ಕಾ, ಪಾದ ತಿಕ್ಕುತ್ತಿದ್ದವಳು ನೀನಾ? ಫೋಟೋ ಕೇಳಿದ್ದು ಅದಕ್ಕಾ? ನಾನು ಏನೇನು ಬರೆದೆ ನಿನಗೆ! ನೆನೆದರೆ ನನ್ನ ಕೈ ನಾನೇ ಕಡಿದುಕೊಳ್ಳಬೇಕು ಅನಿಸುತ್ತದೆ. ಬೀಗತಿಯೇ ಒಪ್ಪಿದ ಮೇಲೆ ಇನ್ನೇನು ಅಂಜಿಕೆ, ಲಗ್ನಕ್ಕೆ ಬಾ. ಪತ್ರಿಕೆಯಲ್ಲಿ ಅಣ್ಣನ ಹೆಸರು ಅಚ್ಚಾಗಿ ಹೋಗಿದೆ, ಅದೊಂದು ಮಾಡುವ ಹಾಗಿಲ್ಲ. ನೀನು ಮುಂದಿನ ಸಾಲಿನಲ್ಲೇ ಕೂರು.

ಮಹಾನಂದಾ


ವಿದ್ಯಾಗಿರಿ, ಬಾಗಲಕೋಟೆ
11 ಏಪ್ರಿಲ್ 2025

ಮಹಾನಂದಾ,

ಹೌದು, ನಾನೇ.

ಬುತ್ತಿ ಬಿಟ್ಟು ಹೋದ ಅಕ್ಕ ಕಾಲು ಎಳೆಯುತ್ತ ದವಾಖಾನೆಯ ಪಡಸಾಲೆ ದಾಟಿದ್ದು ನನಗೆ ಇನ್ನೂ ಕಾಣುತ್ತದೆ. ಆ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಇತ್ತು. ಅವನಿಗೆ ನುಂಗಲು ಆಗಲಿಲ್ಲ. ಮೂಗಿನ ಹತ್ತಿರ ಹಿಡಿ ಅಂದ, ಹಿಡಿದೆ. "ಅಕ್ಕನ ಕೈಯಿಂದು" ಅಂದ. ಇದನ್ನು ಅವರಿಗೆ ಹೇಳು.

ನಾವು ನಾಲ್ಕು ವರ್ಷ ಒಬ್ಬರಿಗೊಬ್ಬರು ಇದ್ದೆವು. ನಾನು ಉಟ್ಟ ಮೊದಲ ಸೀರೆಗೆ ಬಣ್ಣ ಹಾಕಿದವನು ಅವನು. ತೀರಿಕೊಂಡ ದಿನ ದವಾಖಾನೆಯ ಕಾಗದದಲ್ಲಿ 'ಸಂಬಂಧ' ಅಂತ ಒಂದು ಖಾನೆ ಇತ್ತು. "ನೀ ಏನಾಗಬೇಕು?" ಅಂತ ಬರೆಯುವವನು ಕೇಳಿದ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾರೂ ಇಲ್ಲ' ಅಂತ ಬರೆದ. ನಾನು ಎದುರಿಗೆ ನಿಂತಿದ್ದೆ, ಮಹಾನಂದಾ. ಎದುರಿಗೆ ನಿಂತಿದ್ದೆ.

ಹೊರಲು ಗಂಡಸರು ಯಾರೂ ಬರಲಿಲ್ಲ. ಬದಾಮಿಯ ಹನ್ನೊಂದರಲ್ಲಿ ಇಬ್ಬರು, ನಾನು, ದವಾಖಾನೆಯಲ್ಲಿ ಕಸ ಹೊಡೆಯುತ್ತಿದ್ದ ಜೈನಬಿ, ನಾಲ್ವರು ಹೊತ್ತೆವು. ನಿಮ್ಮ ಪದ್ಧತಿಯಂತೆ ಕೂರಿಸಿ, ಎದೆಗೆ ವಿಭೂತಿ ಹಚ್ಚಿ, ಹಳೆ ಬಾಗಲಕೋಟೆಯ ಕೆಳಗಿನ ರುದ್ರಭೂಮಿಯಲ್ಲಿ ಮಣ್ಣು ಕೊಟ್ಟೆವು. ಆಮೇಲೆ ಅಣೆಕಟ್ಟಿನ ಹಿನ್ನೀರು ಏರಿತು, ಊರಿನ ಜೊತೆ ಅವನೂ ನೀರಲ್ಲಿ ಹೋದ. ಆದರೆ ಮೇ ತಿಂಗಳಲ್ಲಿ ನೀರು ಹಿಂದಕ್ಕೆ ಸರಿಯುತ್ತದೆ. ಒಂದು ಒಣ ಬೇವಿನ ಬೊಡ್ಡೆ ಮೇಲೆ ಬರುತ್ತದೆ, ಅದರಿಂದ ಪೂರ್ವಕ್ಕೆ ಒಂಬತ್ತು ಹೆಜ್ಜೆ. ಪ್ರತಿ ಮೇಯಲ್ಲಿ ಹೋಗಿ ಅಷ್ಟು ಹೆಜ್ಜೆ ನಡೆದು ಬರುತ್ತೇನೆ. ಅವರಿಗೆ ತೋರಿಸುತ್ತೇನೆ, ಕರೆದುಕೊಂಡು ಬಾ.

ನಿನ್ನ ಮಗಳು ಅವನು ಬೆಳೆದ ಮನೆಗೆ ಹೋಗುತ್ತಾಳೆ ಅಂತ ಓದಿ ನಾನು ಬೆಚ್ಚಿದ್ದೆ. ಬಾಯಿ ಬಿಟ್ಟರೆ ಲಗ್ನ ಮುರಿದೀತು ಅಂತ ಸುಮ್ಮನಾದೆ. ನಿನ್ನ ಅಂಜಿಕೆಯ ರೋಗ ನನಗೂ ಹತ್ತಿದೆ, ಅದಕ್ಕೆ ಗುಳಿಗೆ ಇಲ್ಲ.

ಲಗ್ನದ ಮಾತು ಬೇರೆ. ಬೀಗತಿ ಒಪ್ಪಿದರು ಅಂತ ನನ್ನನ್ನು ಕರೆದರೆ ಅದು ಅವರ ಧೈರ್ಯ, ನಿನ್ನದಲ್ಲ. ಮುಂದಿನ ಸಾಲಿನಲ್ಲಿ ಕೂತು ಶಾಲು ಹೊದ್ದು ನನಗೆ ಸಾಕಾಗಿದೆ. ನೀನು ಮೆಟ್ಟಿಲ ಮೇಲೆ ಕೊಟ್ಟದ್ದು ಕುರ್ಚಿಯ ಮಾತಲ್ಲ. ಜಾಗದ ಮಾತು.

ಶೀಲಾ


ಇಳಕಲ್
23 ಏಪ್ರಿಲ್ 2025

ಶೀಲಕ್ಕಾ,

ಇದರ ಜೊತೆ ಒಂದು ಲಗ್ನಪತ್ರಿಕೆ ಇಟ್ಟಿದ್ದೇನೆ. ಮೊದಲು ಅದನ್ನು ನೋಡು. ಕೆಳಗೆ ಬಲಗಡೆ.

ಪೆನ್ನಿನಲ್ಲಿ ಬರೆದದ್ದು ನಾನು. ಇನ್ನೂರೈವತ್ತು ಪತ್ರಿಕೆಗಳಿಗೂ ನಾನೇ ಬರೆದೆ. ಆರನೇ ಇಯತ್ತೆಗೇ ಸಾಲಿ ಬಿಡಿಸಿ ನೂಲಿನ ಕಂಡಿಕೆ ಸುತ್ತಲು ಕೂರಿಸಿದ ಕೈ ಇದು, ಅಕ್ಷರ ವಾರೆ ಆಗಿವೆ. ಮೊದಲ ಹತ್ತು ಬರೆಯುವಾಗ ಎರಡು ಸಲ ಪೆನ್ನು ಮುಚ್ಚಿಟ್ಟು ಎದ್ದು ಹೋದೆ. ಪೂರ್ತಿ ಬರೆಯಲು ಐದು ದಿನ ಹಿಡಿಯಿತು.

ಮೊದಲನೇ ದಿನವೇ ದಾನಿ ಬಂದು ನಿಂತು, "ಶೀಲಾ ಅಂದ್ರ ಯಾರವ್ವಾ?" ಅಂದಳು. ಹೇಳಿದೆ. ನಿನ್ನ ವಿಷಯ ಹೇಳಬೇಕಾದರೆ ನನ್ನ ವಿಷಯ ಹೇಳಲೇಬೇಕಲ್ಲ, ಅದನ್ನೂ ಹೇಳಿದೆ. ಅವಳು ಅಳುತ್ತಾಳೆ, ಚೀರುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ.

"ಗುಳಿಗಿ ಡಬ್ಬಿ ಮ್ಯಾಲೆ ಬರದಿದ್ದು ನಾ ಹತ್ತನೇತ್ತಾ ಇದ್ದಾಗನ ಓದೀನಿ" ಅಂದಳು. "ನೀ ಹೇಳ್ಲಿ ಅಂತ ದಾರಿ ನೋಡಾಕತ್ತಿದ್ನಿ. ಆದ್ರ ಅವ್ವಾ, ಆ ಲೋಟಾ ನೋಡಿದಾಗೊಮ್ಮೆ, ನೀ ನನ್ನ ಮುಟ್ಟಾಕ ಅಂಜತಿ ಅಂತ ಅನಸ್ತಿತ್ತು."

ಐದು ವರ್ಷ, ಶೀಲಕ್ಕಾ! ನಾನು ಮುಚ್ಚಿಟ್ಟದ್ದನ್ನು ಅವಳು ನನ್ನಿಂದ ಮುಚ್ಚಿಟ್ಟಿದ್ದಳು.

ಅಮಾತೆಪ್ಪಣ್ಣ ಪತ್ರಿಕೆ ಹಿಡಿದು ಬಂದ. "ಏನಬೇ ಇದು? ನನ್ನ ಹೆಸರಿನ ಬುಡಕ ಹಿಜಡಾನ ಹೆಸರಾ?"

"ಬುಡಕ ಅಲ್ಲಣ್ಣಾ, ಮ್ಯಾಲೆ ಬರದೀನಿ. ಚಷ್ಮಾ ಹಾಕ್ಕೊಂಡು ನೋಡು."

ಅದು ನನ್ನ ಬಾಯಿಂದಲೇ ಬಂದದ್ದು, ನನಗೇ ದಿಗಿಲಾಯಿತು. "ಹಂಗಾರ ನಾ ಬರಾಂಗಿಲ್ಲ" ಅಂದ. "ಹತ್ತೊಂಬತ್ತು ವರ್ಷ ಬಂದಿಲ್ಲಲಾ, ಇನ್ನೊಂದು ದಿನಾ ಏನ್ ಮಹಾ" ಅಂದೆ.

ಊರಲ್ಲಿ ಮಾತು ಹತ್ತಿದೆ. ನಿನ್ನೆ ನಲ್ಲಿಯ ಹತ್ತಿರ ಇಬ್ಬರು ಸರಿದು ನಿಂತರು. ಒಬ್ಬಳು ಮಾತ್ರ ಹತ್ತಿರ ಬಂದು, "ಆ ಗುಳಿಗಿ ಕೊಡೋ ದವಾಖಾನಿ ಯಾವ ಕಡಿ ಐತಿ?" ಅಂತ ಕಿವಿಯಲ್ಲಿ ಕೇಳಿದಳು. ಹೆಸರು ಬರೆಯುವುದಿಲ್ಲ. ನಿನ್ನಿಂದಲೇ ಕಲಿತದ್ದು.

ಈಗ ಜಾಗ ಇದೆ. ಬರುವುದು ನಿನ್ನ ಮೇಲೆ.

ಮಹಾನಂದಾ


ವಿದ್ಯಾಗಿರಿ, ಬಾಗಲಕೋಟೆ
30 ಏಪ್ರಿಲ್ 2025

ತಂಗಿ,

'ಸೋದರಮಾವನ ಸ್ಥಾನದಲ್ಲಿ: ಶೀಲಾ, ವಿದ್ಯಾಗಿರಿ, ಬಾಗಲಕೋಟೆ.' ಎಷ್ಟು ಸಲ ಓದಿದೆನೋ. ನನ್ನ ಹೆಸರು ಪೊಲೀಸರ ಪಟ್ಟಿಯಲ್ಲಿತ್ತು, ದವಾಖಾನೆಯ ಪಟ್ಟಿಯಲ್ಲಿತ್ತು. ಸಂಬಂಧದ ಖಾನೆಯಲ್ಲಿ ನೋಡಿದ್ದು ಇದೇ ಮೊದಲು. ಉಳಿದ ಇಬ್ಬರಿಗೂ ತೋರಿಸಿದೆ. ಒಬ್ಬಳು, "ಅಕ್ಷರ ಭಾಳ ಕೆಟ್ಟ ಅದಾವು" ಅಂದು ಅತ್ತಳು.

ಸೀರೆಯ ಗಂಟು ಬಿಚ್ಚಿದೆ. ಸೆರಗು ನೋಡಿದೆ. ಶ್ರೀಶೈಲನ ಉಗುರಿನ ಕೆಂಪು.

ಒಂದು ಮಾತು ಕೇಳಬೇಕು. ಇಪ್ಪತ್ತೈದು ವರ್ಷದಿಂದ ನಾನು ಧೋತರ ಮುಟ್ಟಿಲ್ಲ. ನಿನಗೆ ಅಷ್ಟು ಮಂದಿಯ ಎದುರು ಅಂಜಿಕೆ ಇದ್ದರೆ, ದಾನಿಗಾಗಿ ಒಂದು ದಿನ ಧೋತರ ಉಟ್ಟು, ರುಮಾಲು ಸುತ್ತಿ, ಮಾವನ ಹಾಗೆ ಬರುತ್ತೇನೆ. ಸಿಟ್ಟಿನಿಂದ ಅಲ್ಲ, ಖರೆ ಹೇಳುತ್ತಿದ್ದೇನೆ. ಸೀರೆಯೋ, ಧೋತರವೋ? ನೀನೇ ಬರೆ.

ಶೀಲಾ


ಇಳಕಲ್
4 ಮೇ 2025

ಶೀಲಕ್ಕಾ,

ಸೀರೆ. ಆ ಸೀರೆಯೇ.

ತಲೆಗೆ ರುಮಾಲು ಬೇಕೇ ಬೇಕು ಅಂತ ಬೀಗತಿಯ ಹಟ. ಶ್ರೀಶೈಲನದು ಒಂದನ್ನು ಗಂಡನಿಗೆ ಕಾಣದ ಹಾಗೆ ಕಾಳಿನ ಮಡಕೆಯಲ್ಲಿ ಮುಚ್ಚಿಟ್ಟಿದ್ದರಂತೆ. ಸೆರಗಿನ ಮೇಲೆ ಅದನ್ನು ತಾವೇ ಸುತ್ತುತ್ತಾರಂತೆ. ಮರುದಿನ ನಾವು ಮೂವರೂ ನೀರು ಸರಿದ ಕಡೆ ಹೋಗೋಣ, ಒಂಬತ್ತು ಹೆಜ್ಜೆ ನೀನೇ ಎಣಿಸು.

ಅಂಜಿಕೆ ಇದೆ. ಹೋಗಿಲ್ಲ. ಅದು ಇರಲಿ, ನೀನು ಮೊದಲ ಬಸ್ಸಿಗೆ ಬಾ. ಬಂದ ಕೂಡಲೇ ನೀರು ಕೊಡುತ್ತೇನೆ. ಗೀರಿನ ಲೋಟವನ್ನು ದಾನಿ ತೊಳೆದು ಉಳಿದವುಗಳ ಜೊತೆ ಬೋರಲು ಹಾಕಿದ್ದಾಳೆ, ಯಾರ ಕೈಗೆ ಯಾವುದು ಬರುತ್ತದೋ ನನಗೆ ಗೊತ್ತಿಲ್ಲ.

ನಿನ್ನ ತಂಗಿ
ಮಹಾನಂದಾ